ಇಡೀ ಯುದ್ಧಭೂಮಿ ಬೇಡ, ಒಂದು ಕೋಟೆ ಸಾಕು

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ನಿಮ್ಮ ಯುದ್ಧತಂತ್ರದ (ಸ್ಟ್ರಾಟಜಿ) ಗೇಮಿಗಾಗಿ ಹಾಕಿದ ಚಿತ್ರದಲ್ಲಿ ಇಡೀ ಯುದ್ಧಭೂಮಿಯೇ ಇದ್ದರೂ ಜನ ಯಾಕೆ ಕ್ಲಿಕ್ ಮಾಡುತ್ತಿಲ್ಲ ಅಂತ ಕೇಳಿದ್ದೀರಿ. ತೊಂದರೆ ಅಲ್ಲೇ ಇದೆ. ಸಣ್ಣ ಕ್ಯಾಪ್ಸೂಲನ್ನು, ಅಂದರೆ ಪಟ್ಟಿಗಳಲ್ಲಿ ಗೇಮಿನ ಗುರುತಾಗಿ ಕಾಣುವ ಪುಟ್ಟ ಚಿತ್ರವನ್ನು, ನಾವು 462×174 ಪಿಕ್ಸೆಲ್ ಅಳತೆಯಲ್ಲಿ ಕೊಟ್ಟರೂ ಸ್ಟೀಮ್ ಅದನ್ನು 120×45ರವರೆಗೂ ಕುಗ್ಗಿಸುತ್ತದೆ, ಆಗ ನಿಮ್ಮ ಅಷ್ಟೂ ಸೈನಿಕರು ಎಳ್ಳು ಚೆಲ್ಲಿದ ಹಾಗೆ ಕಾಣುತ್ತಾರೆ. ದೊಡ್ಡ ಕ್ಯಾಪ್ಸೂಲ್‌ಗಳಿಗೆ ಒಬ್ಬ ಸೇನಾಪತಿ, ಹಿಂದೆ ಉರಿಯುವ ಕೋಟೆ, ಇಷ್ಟು ಸಾಕು. ಆದರೆ ಬರೀ ಮುಖ ಹಾಕಿದರೆ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಗೇಮ್) ಅಂದುಕೊಳ್ಳುತ್ತಾರೆ. ಅವನ ಕೈ ಕೆಳಗೆ ಒಂದು ನಕ್ಷೆಯೋ ಷಟ್ಕೋನದ ಮನೆಗಳೋ ಕಂಡರೆ ಸ್ಟ್ರಾಟಜಿ ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಸಣ್ಣ ಕ್ಯಾಪ್ಸೂಲ್‌ನಲ್ಲಿ ಮಾತ್ರ ಗೇಮಿನ ಹೆಸರೇ ಹೆಚ್ಚುಕಮ್ಮಿ ಪೂರ್ತಿ ತುಂಬಿರಲಿ, ದಪ್ಪ ಅಕ್ಷರದಲ್ಲಿ. ಪ್ರಶಸ್ತಿ, ವಿಮರ್ಶೆಯ ಸಾಲು ಹಾಕಬೇಡಿ. 2022ರ ಸೆಪ್ಟೆಂಬರ್‌ನಿಂದ ಅದಕ್ಕೆ ಅವಕಾಶ ಇಲ್ಲ.