ಹೃದಯದ ಆಪರೇಷನ್ ನಡೆಯುವಾಗ ಟಿಇಇ ಮಾಡಲು ಎರಡು ದಿನದ ತರಬೇತಿ ಸಾಕೇ?

ನೀವು ಕೇಳಿದ್ದು ಇಷ್ಟು: ಕೋಲಾರದ ನಿಮ್ಮ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಹೃದಯದ ಆಪರೇಷನ್ ಶುರುವಾಗಿವೆ, ಅರಿವಳಿಕೆ ಡಾಕ್ಟರು ಇಬ್ಬರಿದ್ದೀರಿ. ಬೆಂಗಳೂರಲ್ಲಿ ಎರಡು ದಿನದ ವರ್ಕ್‌ಶಾಪ್ ಮುಗಿಸಿಕೊಂಡು ಬಂದರೆ ಟಿಇಇ, ಅಂದರೆ ಅನ್ನನಾಳದೊಳಗಿಂದ ನೋಡುವ ಎಕೋ, ನೀವೇ ಮಾಡಬಹುದೇ ಅಂತ.

ಸಾಲದು ಡಾಕ್ಟ್ರೇ. ಅಮೆರಿಕದ ಎಕೋ ಸಂಘ ಮತ್ತು ಹೃದಯ ಅರಿವಳಿಕೆ ಸಂಘ ಸೇರಿ ಹಾಕಿರುವ ಲೆಕ್ಕದಲ್ಲಿ ಬೇಸಿಕ್ ಮಟ್ಟಕ್ಕೇ 150 ಟಿಇಇ ಪರೀಕ್ಷೆ ನೋಡಿ ಓದಿರಬೇಕು, ಅದರಲ್ಲಿ 50 ನಿಮ್ಮ ಕೈಯಿಂದಲೇ ಆಗಿರಬೇಕು. ಅಡ್ವಾನ್ಸ್‌ಡ್‌ಗೆ 300, ಕೈಯಿಂದ 150. ವಾರಕ್ಕೆರಡು ಕೇಸ್ ಅಂದರೆ ವರ್ಷಕ್ಕೆ ನೂರು ಚಿಲ್ಲರೆ. ಇಬ್ಬರೂ ಹಂಚಿಕೊಂಡರೆ ಕೈಯ 50 ತುಂಬಲು ಒಂದು ವರ್ಷ ಬೇಕು. ಜೊತೆಯವರು ಮಾಡಿದ 50ನ್ನು ಕೂತು ಓದಿ, ಉಳಿದ 50ಕ್ಕೆ ಬೆಂಗಳೂರಿನ ದೊಡ್ಡ ಸೆಂಟರ್ ಒಂದರಲ್ಲಿ ಕೆಲವು ವಾರ ನಿಂತು ನೋಡಿ. ನಿಮ್ಮಲ್ಲಿ ಬಾರದ ಬಗೆಯ ಕೇಸುಗಳು ಅಲ್ಲಿ ಸಿಗುತ್ತವೆ. ನಮ್ಮ ದೇಶದ ಹೃದಯ ಅರಿವಳಿಕೆ ತಜ್ಞರ ಸಂಘದ ಪರೀಕ್ಷೆಯನ್ನು ಇದೆಲ್ಲ ಆದಮೇಲೆ ಬರೆಯಿರಿ.

ಪ್ರೋಬ್, ಅಂದರೆ ಅನ್ನನಾಳದೊಳಗೆ ಬಿಡುವ ಎಕೋ ಕೊಳವೆ, ಹಿಡಿಯುವ ಮೊದಲು ಟೊರಾಂಟೊ ಜನರಲ್ ಆಸ್ಪತ್ರೆಯವರ ವರ್ಚುವಲ್ ಟಿಇಇ ನೋಡಿ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆಮೇಲೆ ಪ್ರೋಬನ್ನು ಬರಿಗೈಯಲ್ಲಿ ಹಿಡಿದು ಹತ್ತು ನಿಮಿಷ ಅದರ ತುದಿಯನ್ನೇ ನೋಡುತ್ತ ಕೂರಿ. ಹಿಡಿಕೆಯ ಮೇಲಿನ ದೊಡ್ಡ ಚಕ್ರ ತುದಿಯನ್ನು ಹಿಂದೆ ಮುಂದೆ ಬಗ್ಗಿಸುತ್ತದೆ, ಚಿಕ್ಕ ಚಕ್ರ ಎಡಕ್ಕೆ ಬಲಕ್ಕೆ. ಬಟನ್ ಒತ್ತಿದರೆ ಪ್ರೋಬ್ ಅಲುಗಾಡುವುದಿಲ್ಲ, ಒಳಗಿನ ಕಿರಣದ ಸೀಳು ಮಾತ್ರ 0ಯಿಂದ 180 ಡಿಗ್ರಿವರೆಗೆ ತಿರುಗುತ್ತದೆ. ಚಕ್ರದ ಲಾಕ್ ಬಿಚ್ಚಿದೆಯೇ ಅಂತ ಒಳಗೆ ಬಿಡುವಾಗಲೂ ಹೊರಗೆ ಎಳೆಯುವಾಗಲೂ ಬೆರಳಿಂದ ಮುಟ್ಟಿ ನೋಡುವುದು ರೂಢಿಯಾಗಬೇಕು. ಬಗ್ಗಿ ಲಾಕ್ ಆದ ತುದಿಯನ್ನು ಎಳೆದರೆ ಅನ್ನನಾಳ ಹರಿಯಬಹುದು.

ಒಳಗೆ ಬಿಡುವ ಮುಂಚೆ ಹೊಟ್ಟೆಯ ಗಾಳಿಯನ್ನು ಟ್ಯೂಬ್ ಹಾಕಿ ಹೀರಿ, ಆ ಟ್ಯೂಬನ್ನು ತೆಗೆದುಬಿಡಿ. ಇಲ್ಲದಿದ್ದರೆ ಹೊಟ್ಟೆಯಿಂದ ನೋಡುವ ಚಿತ್ರಗಳು ಕೆಡುತ್ತವೆ. ಬೈಟ್ ಬ್ಲಾಕ್, ಧಾರಾಳ ಜೆಲ್ಲಿ, ದವಡೆ ಮುಂದಕ್ಕೆ ಎತ್ತುವುದು. ಹೋಗದಿದ್ದರೆ ಒತ್ತಬೇಡಿ, ಲ್ಯಾರಿಂಗೋಸ್ಕೋಪ್ ಹಾಕಿ ನೋಡಿಕೊಂಡು ಬಿಡಿ. ನಮ್ಮ ಕಡೆಯವರು ನೆನಪಿಡಬೇಕಾದ್ದು ಒಂದಿದೆ: ಫ್ಲೋರೈಡ್ ನೀರು ಕುಡಿದು ಬೆಳೆದ ಪಾವಗಡ, ಬಾಗೇಪಲ್ಲಿ ಕಡೆಯ ಹಿರಿಯರಲ್ಲಿ ಕತ್ತಿನ ಮೂಳೆ ಬಿಗಿದಿರಬಹುದು. ಹಿಂದಿನ ದಿನವೇ ಕತ್ತು ಎಷ್ಟು ಬಾಗುತ್ತದೆ, ನುಂಗಲು ತೊಂದರೆ ಇದೆಯೇ, ರಕ್ತವಾಂತಿ ಆಗಿತ್ತೇ ಅಂತ ಕೇಳಿ ಬರೆದಿಡಿ. ಅನ್ನನಾಳ ಕಿರಿದಾಗಿದ್ದರೆ, ಅಲ್ಲಿ ಗೆಡ್ಡೆಯಿದ್ದರೆ ಟಿಇಇ ಬೇಡ.

ಚಿತ್ರ ತೆಗೆಯುವುದಕ್ಕೆ ಒಂದೇ ಕ್ರಮ ಇಟ್ಟುಕೊಳ್ಳಿ. ಬೇಸಿಕ್‌ಗೆ 11 ನೋಟ, ಅದೇ ಸಂಘಗಳ 2013ರ ಪೂರ್ಣ ಪಟ್ಟಿಯಲ್ಲಿ 28. ಹಲ್ಲಿನಿಂದ 30-40 ಸೆಂ.ಮೀ. ಒಳಗೆ ನಿಲ್ಲಿಸಿದರೆ 0 ಡಿಗ್ರಿಯ ಆಸುಪಾಸಿನಲ್ಲಿ ಹೃದಯದ ನಾಲ್ಕು ಕೋಣೆ ಕಾಣುತ್ತದೆ. ಪ್ರೋಬ್ ಅಲ್ಲಾಡಿಸದೆ ಬಟನ್ ಒತ್ತುತ್ತ 60, 90, 130ಕ್ಕೆ ಬನ್ನಿ. ಮೈಟ್ರಲ್ ಕವಾಟ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನದು) ಮತ್ತು ಎಡ ಹೃತ್ಕುಕ್ಷಿಯ ಗೋಡೆಗಳನ್ನು ಅಷ್ಟರಲ್ಲೇ ಸುತ್ತುಹಾಕಿರುತ್ತೀರಿ. ಹೊಸಬರು ಹೆಚ್ಚು ತಪ್ಪುವುದು ನಾಲ್ಕು ಕೋಣೆಯಲ್ಲೇ: ಹೃತ್ಕುಕ್ಷಿಯ ತುದಿ ಮೊಟಕಾಗಿ, ಗುಂಡಗೆ, ಚೆನ್ನಾಗಿ ಬಡಿಯುವ ಹಾಗೆ ಕಾಣುತ್ತದೆ. ದೊಡ್ಡ ಚಕ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ನಿಜವಾದ ತುದಿ ಸಿಗುತ್ತದೆ.

ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನ ಸ್ಕೇಲ್ ಸೆಕೆಂಡಿಗೆ 50-60 ಸೆಂ.ಮೀ. ಇರಲಿ. ಕಡಿಮೆ ಇಟ್ಟರೆ ಚಿಕ್ಕ ಲೀಕ್ ಕೂಡ ದೊಡ್ಡದಾಗಿ ಕಾಣುತ್ತದೆ. ಅದಕ್ಕಿಂತ ದೊಡ್ಡ ಮೋಸ ಅರಿವಳಿಕೆಯದೇ. ಔಷಧಿಯಿಂದ ಬಿಪಿ 90ಕ್ಕೆ ಇಳಿದಾಗ ನಿನ್ನೆ ಎಕೋ ರೂಮಿನಲ್ಲಿ ಜೋರಾಗಿದ್ದ ಮೈಟ್ರಲ್ ಲೀಕ್ ಇವತ್ತು ಅರ್ಧವೂ ಕಾಣುವುದಿಲ್ಲ. ಹೊಸಬರು "ಲೀಕ್ ಅಷ್ಟೇನಿಲ್ಲ" ಅಂದುಬಿಡುತ್ತಾರೆ, ಸರ್ಜನ್ ಕವಾಟ ಮುಟ್ಟದೇ ಬಿಡುವ ಅಪಾಯವಿದೆ. ಫೆನಿಲೆಫ್ರಿನ್ ಕೊಟ್ಟು ಬಿಪಿಯನ್ನು ರೋಗಿಯ ಎಂದಿನ ಮಟ್ಟಕ್ಕೆ ತಂದು ಮತ್ತೆ ನೋಡಿ, ಹಳೆಯ ಎಕೋ ರಿಪೋರ್ಟ್ ಪಕ್ಕಕ್ಕಿಟ್ಟುಕೊಂಡು ಮಾತಾಡಿ. ಪಂಪ್, ಅಂದರೆ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಯಂತ್ರ, ಶುರುವಾಗುವ ಮುನ್ನ ಕಂಡದ್ದನ್ನು ಸರ್ಜನ್‌ಗೆ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಬರೆದಿಟ್ಟರೆ ಆ ಹೊತ್ತಿಗೆ ಯಾರೂ ಓದುವುದಿಲ್ಲ.

ಪಂಪ್ ಓಡುತ್ತಿರುವಾಗ ಚಿತ್ರ ಫ್ರೀಜ್ ಮಾಡಿ, ಪ್ರೋಬಿನ ಬಿಸಿ ಅನ್ನನಾಳಕ್ಕೆ ತಾಗುತ್ತಿರಬಾರದು.

ಪಂಪ್ ಬಿಡಿಸುವಾಗ ಮೊದಲು ಗಾಳಿ ನೋಡಿ. ಬಿಳಿ ಚುಕ್ಕೆಗಳು ಶ್ವಾಸಕೋಶದ ಅಭಿಧಮನಿಗಳಿಂದ ಹೊರಟು ಎಡ ಹೃತ್ಕುಕ್ಷಿಯ ತುದಿಯಲ್ಲಿ ಸೇರುತ್ತವೆ. ಮಲಗಿದ ರೋಗಿಯಲ್ಲಿ ಬಲ ಕರೋನರಿಯ (ಹೃದಯಕ್ಕೇ ರಕ್ತ ಕೊಡುವ ನಾಳ) ಬಾಯಿ ಮೇಲ್ಗಡೆ ಇರುವುದರಿಂದ ಗಾಳಿ ಅಲ್ಲಿಗೇ ನುಗ್ಗುತ್ತದೆ: ಬಲ ಹೃತ್ಕುಕ್ಷಿ ಊದುತ್ತದೆ, ಇಸಿಜಿ ಬದಲಾಗುತ್ತದೆ. ಬಿಪಿ ಮೇಲಿಟ್ಟು, ಪಂಪಿನ ಆಸರೆಯಲ್ಲೇ ಕೆಲವು ನಿಮಿಷ ಕಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೈಟ್ರಲ್ ರಿಪೇರಿ ಆದವರಲ್ಲಿ ಆ ಕವಾಟದ ಮುಂದಿನ ಎಸಳು ರಕ್ತ ಹೊರಹೋಗುವ ದಾರಿಗೆ ಅಡ್ಡ ಬೀಳುತ್ತಿದೆಯೇ ನೋಡಿ. ಅಂಥ ಹೊತ್ತಲ್ಲಿ ಬಿಪಿ ಬಿತ್ತೆಂದು ಅಡ್ರಿನಲಿನ್ ಏರಿಸಿದರೆ ಇನ್ನೂ ಕೆಡುತ್ತದೆ. ಅಡ್ರಿನಲಿನ್ ಇಳಿಸಿ, ದ್ರವ ಕೊಡಿ, ಫೆನಿಲೆಫ್ರಿನ್ ಕೊಡಿ. ಕೃತಕ ಕವಾಟದ ಉಂಗುರದೊಳಗಿಂದ ಬರುವ ರಕ್ತದ ಸಣ್ಣ ಎಳೆಗಳು ಸಹಜ. ಹೊಲಿಗೆಯ ಹೊರಗಿನಿಂದ ಬಂದರೆ ಅದು ಲೀಕ್.

ಮೊದಲ ವರ್ಷ ಒಬ್ಬರು ಅರಿವಳಿಕೆ ನೋಡಿಕೊಳ್ಳಲಿ, ಇನ್ನೊಬ್ಬರು ಎಕೋ ಮಾಡಲಿ. ಪರದೆ ನೋಡುತ್ತ ಕೂತವರಿಗೆ ಮಾನಿಟರ್‌ನಲ್ಲಿ ಬಿಪಿ ಇಳಿದದ್ದು ಕಾಣಿಸುವುದಿಲ್ಲ. ಪ್ರತಿ ಕೇಸಿನ ಕ್ಲಿಪ್‌ಗಳನ್ನು ಉಳಿಸಿ, ವಾರಕ್ಕೊಮ್ಮೆ ಕಾರ್ಡಿಯಾಲಜಿಸ್ಟ್ ಜೊತೆ ಮತ್ತೆ ನೋಡಿ. ನಿಮ್ಮ ಅಂದಾಜು ಅವರದಕ್ಕಿಂತ ಎಲ್ಲಿ ಬೇರೆಯಾಯಿತು ಅನ್ನುವುದನ್ನು ಬರೆದಿಡಿ. ಅಭ್ಯಾಸಕ್ಕೆಂದು ಬೇರೆಡೆಯಿಂದ ಮೆಷಿನ್ ಎರವಲು ತರಬೇಡಿ. ಭ್ರೂಣದ ಲಿಂಗಪತ್ತೆ ತಡೆಯಲು ಮಾಡಿದ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಅದು ನೋಂದಣಿಯಾದ ಜಾಗದಲ್ಲೇ ಇರಬೇಕು.

ಟೆಕ್ನಿಷಿಯನ್‌ಗೂ ಕಲಿಸಿ. ಪ್ರೋಬ್ ಹೊರಬಂದ ಕೂಡಲೇ ಲೋಳೆ ಒಣಗುವ ಮೊದಲು ಒರೆಸಿ, ಕಿಣ್ವದ ದ್ರಾವಣದಲ್ಲಿ ತೊಳೆದು, ಸೋಂಕು ಕೊಲ್ಲುವ 0.55% ಓಪಿಎ ದ್ರಾವಣದಲ್ಲಿ ಬಾಟಲಿಯ ಮೇಲೆ ಬರೆದಷ್ಟು ನಿಮಿಷ ಮುಳುಗಿಸಬೇಕು, ಆಮೇಲೆ ನೀರಲ್ಲಿ ಚೆನ್ನಾಗಿ ಜಾಲಿಸಬೇಕು. ಹಿಡಿಕೆ ಮತ್ತು ಕನೆಕ್ಟರ್ ಮಾತ್ರ ಮುಳುಗಬಾರದು. ತೂಗುಹಾಕುವಾಗ ತುದಿಯ ರಬ್ಬರ್ ಮೇಲೆ ಹಲ್ಲಿನ ಗೀರು ಬಿದ್ದಿದೆಯೇ ಅಂತ ಬೆಳಕಿಗೆ ಹಿಡಿದು ನೋಡಲಿ. ಗೀರು ಕಂಡರೆ ವಿದ್ಯುತ್ ಸೋರಿಕೆ ಪರೀಕ್ಷೆ ಆಗುವವರೆಗೆ ಆ ಪ್ರೋಬ್ ಮುಂದಿನ ರೋಗಿಗೆ ಹೋಗಕೂಡದು.