ಅಡುಗೆಮನೆಗೆ ಬೀಗ ಹಾಕಿದರೆ ತಪ್ಪಾ?

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಪ್ರೇಡರ್-ವಿಲ್ಲಿ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಒಂದು ಜೀನ್ ತೊಂದರೆ) ಇದೆ. ನಡೆದಿದ್ದೇ ಎರಡೂಕಾಲು ವರ್ಷಕ್ಕೆ. ಮಾತು ಇನ್ನೂ ನಾಲ್ಕೈದು ಪದ. ಈಗ ಯಾವಾಗಲೂ ಹಸಿವು. ಅಡುಗೆಮನೆಗೆ ಬೀಗ ಹಾಕಿದ್ದಕ್ಕೆ ಅತ್ತೆ ‘ಮಗುವಿಗೆ ಅನ್ನ ಕೊಡದ ತಾಯಿ’ ಅಂದರು. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ

ಉತ್ತರ: ಬೀಗ ತೆಗೆಯಬೇಡಿ ತಂಗಿ. ನನ್ನ ಮಗಳಿಗೂ ಇದೇ ತೊಂದರೆ, ಈಗ ಹದಿನಾಲ್ಕು. ನಮ್ಮ ಮನೆಯ ಬೆಲ್ಲದ ಡಬ್ಬಿ ಇವತ್ತಿಗೂ ಬೀರುವಿನಲ್ಲಿ, ಸೀರೆಗಳ ಹಿಂದೆ ಇರುತ್ತದೆ.

ಅತ್ತೆಯನ್ನು ಕೂರಿಸಿಕೊಂಡು ಹೇಳಿ. 15ನೇ ಕ್ರೋಮೋಸೋಮಿನಲ್ಲಿ ತಂದೆಯ ಕಡೆಯಿಂದ ಬರಬೇಕಾದ ಒಂದು ಭಾಗ ಇವನಲ್ಲಿ ಕೆಲಸ ಮಾಡುತ್ತಿಲ್ಲ. ಅದಕ್ಕೇ ‘ಹೊಟ್ಟೆ ತುಂಬಿತು’ ಅನ್ನೋದು ಮೆದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಹುಟ್ಟಿದಾಗ ಹಾಲು ಚೀಪಲೂ ಶಕ್ತಿ ಇರಲಿಲ್ಲ, ಅಲ್ವಾ? ಅದೂ ಇದರಿಂದಲೇ. ಯಾರ ತಪ್ಪೂ ಅಲ್ಲ. (‘ತಂದೆಯ ಕಡೆ’ ಅಂದದ್ದನ್ನು ಜಗಳಕ್ಕೆ ಬಳಸಬೇಡಿ ಮತ್ತೆ! ನಾನು ಒಮ್ಮೆ ಬಳಸಿ ವಾರಗಟ್ಟಲೆ ಮಾತಿಲ್ಲದೆ ಕೂತಿದ್ದೆ.)

ತಿಂಡಿ, ಊಟದ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ. ಕೇಳಿದಾಗಲೆಲ್ಲ ‘ಇಲ್ಲ’ ಅನ್ನದೆ ಮುಂದಿನ ಚಿತ್ರ ತೋರಿಸಿ. ಹೊತ್ತಿಗೆ ಸರಿಯಾಗಿ ತಟ್ಟೆ ಬಂದೇ ಬರುತ್ತೆ ಅನ್ನೋ ನಂಬಿಕೆ ಕೂತ ಮೇಲೆ ನಮ್ಮವಳ ರಂಪ ಎಷ್ಟೋ ಇಳಿಯಿತು. ತಟ್ಟೆ ಚಿಕ್ಕದಿರಲಿ, ತರಕಾರಿ ಜಾಸ್ತಿ ಇರಲಿ.

ಗ್ರೋತ್ ಹಾರ್ಮೋನ್ (ಬೆಳವಣಿಗೆಗೆ ಕೊಡುವ ಚುಚ್ಚುಮದ್ದು) ಬಗ್ಗೆ ಮಕ್ಕಳ ಹಾರ್ಮೋನ್ ತಜ್ಞರನ್ನು ಕೇಳಿ. ಶುರು ಮಾಡುವ ಮೊದಲು ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡಿಸಲೇಬೇಕು. ಮಾತಿನ ತರಬೇತಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಡಿಇಐಸಿ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ದುಡ್ಡು ಕಟ್ಟಬೇಕಿಲ್ಲ.

ಬೀಗದ ಕೈ ಒಂದನ್ನು ಅತ್ತೆಗೇ ಕೊಟ್ಟು ನೋಡಿ.