ಟೆಸ್ಟ್ ಪಂದ್ಯವನ್ನು ಐದು ದಿನವೂ ಹೇಗೆ ಫಾಲೋ ಮಾಡುತ್ತೀರಿ? ಬೇಸರ ಬರುವುದಿಲ್ಲವೇ?

ನೀವು ಕೇಳಿದ್ದು ಇಷ್ಟು: ಐಪಿಎಲ್ ನೋಡಿಕೊಂಡು ಬೆಳೆದವರು ನೀವು, ಟೆಸ್ಟ್ ನೋಡಲು ಕೂತರೆ ಅರ್ಧ ಗಂಟೆಗೇ ಕಣ್ಣು ಎಳೆಯುತ್ತದೆ. ಕೆಲಸ ಕಾರ್ಯ ಇರುವವರು ಇದನ್ನು ಐದು ದಿನ ಹೇಗೆ ಫಾಲೋ ಮಾಡುತ್ತಾರೆ, ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಸ್ವಲ್ಪ ಅಡಿಕೆ ತೋಟ ಉಂಟು, ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಸಣ್ಣ ಅಂಗಡಿ ಉಂಟು. ಎರಡನ್ನೂ ಬಿಟ್ಟು ಕೂರುವ ಹಾಗಿಲ್ಲ. ಆದರೂ ಭಾರತ ಆಡುವ ಟೆಸ್ಟ್ ಒಂದನ್ನೂ ಬಿಡುವುದಿಲ್ಲ. ಹೇಗೆ ಅಂದರೆ, ನಾನು ಟೆಸ್ಟ್ ಕೂತು ನೋಡುವುದೇ ಕಡಿಮೆ. ನನ್ನ ಕೆಲಸದ ಪಕ್ಕದಲ್ಲಿ ಅದು ತನ್ನಷ್ಟಕ್ಕೆ ನಡೆಯುತ್ತಾ ಇರುತ್ತದೆ. ದಿನಕ್ಕೆ 90 ಓವರ್, ಐದು ದಿನಕ್ಕೆ 450. ಅಷ್ಟೂ ಬಾಲ್ ಕಣ್ಣಾರೆ ನೋಡಬೇಕು ಅಂತ ಹಟ ಹಿಡಿದರೆ ಯಾರಿಗಾದರೂ ಸಾಕಾಗುತ್ತದೆ. ನಿಮಗೆ ಬೇಸರ ಬಂದದ್ದೂ ಅದಕ್ಕೇ ಇರಬೇಕು.

ನಮ್ಮ ಕಡೆಗೆ ಟೆಸ್ಟ್ ಬಂದದ್ದೇ ರೇಡಿಯೋದಲ್ಲಿ. ಅಡಿಕೆ ಕೊಯ್ದು, ಅಂಗಳದಲ್ಲಿ ಸುಮಾರು 40 ದಿನ ಒಣಗಿಸಿ, ಆಮೇಲೆ ಸುಲಿಯುವ ಕೆಲಸ. ಚಾವಡಿಯಲ್ಲಿ ಸಾಲಾಗಿ ಕೂತು ಸುಲಿಯುತ್ತಿದ್ದರು. ಕಂಬದ ಮೊಳೆಯಲ್ಲಿ ರೇಡಿಯೋ ತೂಗುತ್ತಿತ್ತು. ಕಾಮೆಂಟರಿ ಸ್ವಲ್ಪ ಹೊತ್ತು ಇಂಗ್ಲಿಷ್, ಸ್ವಲ್ಪ ಹೊತ್ತು ಹಿಂದಿ. ಸುಲಿಯುವವರ ಮಾತು ತುಳು, ಮಲಯಾಳ, ಕನ್ನಡ. ಹಿಂದಿ, ಇಂಗ್ಲಿಷ್ ಎರಡೂ ಬಾರದ ಹಿರಿಯರೊಬ್ಬರು ಇದ್ದರು. ಜನರ ಗದ್ದಲ ಕೇಳಿಯೇ ಅವರು ‘ಔಟ್ ಆಂಡ್’ ಅನ್ನುತ್ತಿದ್ದರು. ಅವರ ಕತ್ತಿ ನಿಂತಿತು ಅಂದರೆ ವಿಕೆಟ್ ಬಿತ್ತು ಅಂತಲೇ ಲೆಕ್ಕ. ಕೈ ಕೆಲಸದಲ್ಲಿ, ಕಿವಿ ಮೈದಾನದಲ್ಲಿ. ಟೆಸ್ಟಿಗೆ ಅದೇ ಸರಿಯಾದ ಕ್ರಮ ಅಂತ ನನಗೆ ಈಗಲೂ ಅನಿಸುತ್ತದೆ.

ಕುಂಬಳೆ ನಮಗೆ ಹತ್ತಿರದ ಪೇಟೆ. ಅನಿಲ್ ಕುಂಬ್ಳೆ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಆದರೆ ಮನೆತನದ ಬೇರು ಇಲ್ಲಿಯದು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಒಂದೊಂದೂ ನಮಗೆ ಊರಿನ ಸುದ್ದಿ. 1999ರ ಫೆಬ್ರವರಿ 7ರ ಕತೆ ನೀವು ಕೇಳಿರುತ್ತೀರಿ. ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನಕ್ಕೆ ಗೆಲ್ಲಲು 420 ಬೇಕು. ಊಟದ ಹೊತ್ತಿಗೆ ಒಂದೂ ವಿಕೆಟ್ ಹೋಗದೆ 101. ಊಟ ಮುಗಿಸಿ ಬಂದ ಮೇಲೆ ಕುಂಬ್ಳೆ ಎಂಡ್ ಬದಲಿಸಿ, ಪಿಚ್ಚಿನ ಇನ್ನೊಂದು ತುದಿಯಿಂದ ಬೌಲ್ ಮಾಡಿದರು. ಮತ್ತೆ ಒಬ್ಬರ ಹಿಂದೆ ಒಬ್ಬರು. 207ಕ್ಕೆ ಆಲ್ ಔಟ್, 74 ರನ್ ಕೊಟ್ಟು ಹತ್ತಕ್ಕೆ ಹತ್ತೂ ಕುಂಬ್ಳೆಗೆ. ಒಂಬತ್ತು ವಿಕೆಟ್ ಆದ ಮೇಲೆ ಇನ್ನೊಂದು ಕಡೆಯಿಂದ ಶ್ರೀನಾಥ್ ಬೌಲ್ ಮಾಡಿದರಲ್ಲ, ಬಾಲನ್ನೆಲ್ಲ ಸ್ಟಂಪಿನಿಂದ ದೂರ ದೂರ ಹಾಕಿದರು. ಹತ್ತನೆಯದು ತನಗೆ ಬೀಳಬಾರದು ಅಂತ. ನನಗೆ ಆ ಓವರ್ ಹತ್ತು ವಿಕೆಟಿನಷ್ಟೇ ದೊಡ್ಡದು. ಸ್ಕೋರ್ ಕಾರ್ಡಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಆ ಹೊತ್ತು ಪಂದ್ಯದ ಜೊತೆಗೆ ಇದ್ದವರಿಗೆ ಮಾತ್ರ ಸಿಕ್ಕಿತು.

ಈಗ ನಿಮ್ಮ ದಿನಕ್ಕೆ ಇದನ್ನು ಹೊಂದಿಸುವ ಮಾತು. ಆಟ ಎಲ್ಲಿ ನಡೆಯುತ್ತದೆ ಅನ್ನುವುದರ ಮೇಲೆ ನಿಮ್ಮ ದಿನಚರಿ ಬದಲಾಗುತ್ತದೆ. ಮೆಲ್ಬರ್ನ್, ಸಿಡ್ನಿಯಾದರೆ ನಮ್ಮ ಬೆಳಗಿನ ಜಾವ ಐದರ ಆಚೀಚೆಗೆ ಶುರು. ತೋಟಕ್ಕೆ ಇಳಿಯುವ ಮೊದಲೇ ಹೊಸ ಬಾಲಿನ ಆಟ ಮುಗಿದಿರುತ್ತದೆ. ಇಂಗ್ಲೆಂಡ್ ಆದರೆ ಮಧ್ಯಾಹ್ನ ಮೂರೂವರೆಗೆ. ವೆಸ್ಟ್ ಇಂಡೀಸ್ ರಾತ್ರಿಯ ಆಟ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದ ಕುಂಬ್ಳೆ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದದ್ದು ನಮ್ಮೂರಿನವರು ನಿದ್ದೆಗೆಟ್ಟು ನೋಡಿದ್ದು. ನ್ಯೂಜಿಲೆಂಡ್ ಮಾತ್ರ ಕಷ್ಟ, ಕೋಳಿ ಕೂಗುವ ಮೊದಲೇ ಏಳಬೇಕು.

ಮೊಬೈಲಿನಲ್ಲಿ ಸ್ಕೋರ್ ನೋಡುವಾಗ ರನ್ ಎಷ್ಟು, ವಿಕೆಟ್ ಎಷ್ಟು ಅಂತ ನೋಡಿ ಮುಚ್ಚಬೇಡಿ. ಬಾಲ್ ಎಷ್ಟು ಓವರ್ ಹಳೆಯದು ಅಂತ ನೋಡಿ. ಟೆಸ್ಟಿನ ಅರ್ಧ ಗುಟ್ಟು ಅಲ್ಲೇ ಉಂಟು. ಹೊಸ ಕೆಂಪು ಬಾಲ್ ಮೊದಲ ಹದಿನೈದಿಪ್ಪತ್ತು ಓವರ್ ಗಟ್ಟಿ ಇರುತ್ತದೆ, ಹೊಲಿಗೆ ಎದ್ದಿರುತ್ತದೆ, ವೇಗದವರಿಗೆ ಹಬ್ಬ. ಆಮೇಲೆ ಮೆತ್ತಗಾಗುತ್ತದೆ, ಬ್ಯಾಟಿಂಗ್ ಸುಲಭ. ಒಣ ಪಿಚ್ಚಿನಲ್ಲಿ ಒಂದು ಬದಿ ಮಾತ್ರ ಹೊಳಪು ಉಳಿಸಿಕೊಂಡರೆ ಅದೇ ಹಳೆ ಬಾಲ್ ಗಾಳಿಯಲ್ಲಿ ಉಲ್ಟಾ ದಿಕ್ಕಿಗೆ ತಿರುಗುತ್ತದೆ, ರಿವರ್ಸ್ ಸ್ವಿಂಗ್ ಅನ್ನುವುದು ಅದನ್ನೇ. 80 ಓವರ್ ಆದ ಮೇಲೆ ಎರಡನೇ ಹೊಸ ಬಾಲ್ ತೆಗೆದುಕೊಳ್ಳಬಹುದು. ಅಂಗಡಿಯಲ್ಲಿ ಜನ ಎಷ್ಟೇ ಇರಲಿ, 80ನೇ ಓವರ್ ಹತ್ತಿರ ಬಂದಾಗ ನಾನು ಟಿವಿಯ ಸೌಂಡ್ ಜಾಸ್ತಿ ಮಾಡುತ್ತೇನೆ. ಇನ್ನು ಬೌಲರ್‌ಗಳ ಬೂಟು ತುಳಿದು ತುಳಿದು ಪಿಚ್ಚಿನಲ್ಲಿ ಎದ್ದ ಒರಟು ಜಾಗ ನಾಲ್ಕನೇ ದಿನ ಸ್ಪಿನ್ನರ್‌ಗೆ ಕೆಲಸಕ್ಕೆ ಬರುತ್ತದೆ. ಮೊದಲ ದಿನ ಯಾವ ಎಂಡಿನಿಂದ ಯಾರು ಬೌಲ್ ಮಾಡಿದರು ಅನ್ನುವುದಕ್ಕೆ ಅರ್ಥ ಬರುವುದು ಆವಾಗ.

ಬ್ಯಾಟ್ಸ್‌ಮನ್ ಆಡದೆ ಬಿಟ್ಟ ಬಾಲನ್ನು ನೋಡಲು ಕಲಿಯಿರಿ. ಐಪಿಎಲ್‌ನಲ್ಲಿ ಅದು ದಂಡ, ಇಲ್ಲಿ ಅದು ಕಲೆ. ಮಂಗಳೂರಿನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್ 2025ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ 137 ಹೊಡೆದರು, ಲಾರ್ಡ್ಸ್‌ನಲ್ಲಿ ಸರಿಯಾಗಿ 100. ಆ ಸರಣಿಯಲ್ಲಿ ಆಫ್ ಸ್ಟಂಪಿನ ಹೊರಗಿನ ಬಾಲನ್ನು ಅವರು ಬಿಡುತ್ತಿದ್ದ ರೀತಿಯನ್ನು ನಾನು ಅವರ ಕವರ್ ಡ್ರೈವಿನಷ್ಟೇ ಪ್ರೀತಿಯಿಂದ ನೋಡಿದ್ದೇನೆ.

ಅದೇ ಸರಣಿಯ ಕೊನೆಯ ಟೆಸ್ಟ್ ತೆಗೆದುಕೊಳ್ಳಿ, ಓವಲ್, ಆಗಸ್ಟ್ 4. ಕೊನೆಯ ದಿನ ಇಂಗ್ಲೆಂಡಿಗೆ ಬೇಕಾದದ್ದು 35 ರನ್, ನಮಗೆ ನಾಲ್ಕು ವಿಕೆಟ್. ಆಟ ನಡೆದದ್ದು ಒಂದು ಗಂಟೆಯೊಳಗೆ. ಭುಜದ ಕೀಲು ತಪ್ಪಿದ್ದ ವೋಕ್ಸ್ ಒಂದು ಕೈಯನ್ನು ಸ್ವೆಟರಿನೊಳಗೆ ಕಟ್ಟಿಕೊಂಡು ಬ್ಯಾಟಿಂಗಿಗೆ ಇಳಿದರು. ಸಿರಾಜ್ ಹಾಕಿದ ಯಾರ್ಕರ್ ಅಟ್ಕಿನ್ಸನ್‌ರ ಆಫ್ ಸ್ಟಂಪ್ ಎತ್ತಿ ಹಾಕಿತು. ಆರು ರನ್ನಿನಲ್ಲಿ ಗೆದ್ದೆವು, ಸರಣಿ 2-2. ಆ ಒಂದು ಗಂಟೆ ಮಾತ್ರ ನೋಡಿದವರಿಗೂ ಮೈ ಜುಂ ಅಂದಿತು, ಇಲ್ಲ ಅನ್ನುವುದಿಲ್ಲ. ಆದರೆ ಹಿಂದಿನ ದಿನ ಇದೇ ಸಿರಾಜ್ ಬ್ರೂಕ್ ಕೊಟ್ಟ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದಿದ್ದರು. 19ರಲ್ಲಿ ಬದುಕಿದ ಬ್ರೂಕ್ 111 ಹೊಡೆದರು. ಐದೂ ಟೆಸ್ಟ್ ಆಡಿದ ಸಿರಾಜ್ ಸರಣಿಯಲ್ಲಿ ಹಾಕಿದ್ದು 185.3 ಓವರ್. ಲಾರ್ಡ್ಸ್‌ನಲ್ಲಿ ನಾವು 22 ರನ್ನಿನಿಂದ ಸೋತಾಗ ಕೊನೆಗೆ ಔಟ್ ಆದವರೂ ಅವರೇ. ಬಾಲನ್ನು ಬ್ಯಾಟಿನ ಮಧ್ಯಕ್ಕೆ ಆಡಿದ್ದರು, ಅದು ನೆಲಕ್ಕೆ ಬಿದ್ದು ತಿರುಗಿ ಉರುಳಿ ಹೋಗಿ ಸ್ಟಂಪ್ ಮುಟ್ಟಿತು. ಇಷ್ಟೆಲ್ಲ ಜೊತೆಯಲ್ಲಿ ನೋಡಿದವರಿಗೆ ಆ ಯಾರ್ಕರ್ ಬೇರೆಯೇ. ಅವತ್ತು ಅಂಗಡಿಯಲ್ಲಿ ಪೈಪ್ ಅಳೆಯುತ್ತಿದ್ದ ಹುಡುಗ ಟೇಪನ್ನು ಕೈಯಲ್ಲೇ ಹಿಡಿದುಕೊಂಡು ಅತ್ತುಬಿಟ್ಟ. ತಗೊಳ್ಳಲು ಬಂದವರೂ ‘ಪೈಪ್ ಆಮೇಲೆ ಕೊಡಿ’ ಅಂದರು.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ದೇಶಿ ಕ್ರಿಕೆಟ್ಟನ್ನೂ ನೋಡಿ. ರಣಜಿಯಲ್ಲಿ ನಮ್ಮ ಕಡೆಯ ಕನ್ನಡಿಗರ ಮನಸ್ಸು ಕರ್ನಾಟಕದ ಕಡೆಗೇ. ಆದರೆ 2025ರ ಫೆಬ್ರವರಿಯಲ್ಲಿ ಕಾಸರಗೋಡು ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಸೆಮಿಫೈನಲಿನಲ್ಲಿ ಗುಜರಾತ್ ಎದುರು 177 ರನ್ ಹೊಡೆದು ಔಟಾಗದೆ ಉಳಿದಾಗ ನಾವೆಲ್ಲ ಕೇರಳದವರೇ ಆದೆವು. ಕೇರಳ 457, ಗುಜರಾತ್ 455. ಕೊನೆಯ ವಿಕೆಟ್ ಬಿದ್ದದ್ದು ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರ, ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಸಲ್ಮಾನ್ ನಿಸಾರ್ ಹೆಲ್ಮೆಟಿಗೆ ಬಡಿದು ಹಾರಿದ ಬಾಲ್ ಸ್ಲಿಪ್‌ನಲ್ಲಿ ಕ್ಯಾಚ್ ಆಗಿ. ಪಂದ್ಯ ಡ್ರಾ ಆದರೂ ಮೊದಲ ಇನ್ನಿಂಗ್ಸಿನ ಆ ಎರಡು ರನ್ನಿನ ಲೀಡಿನಿಂದ ಕೇರಳ ಮೊದಲ ಸಲ ಫೈನಲಿಗೆ ಹೋಯಿತು. ದೊಡ್ಡ ಆಟದಲ್ಲಿ ಒಂದು ರನ್ನಿನ ಬೆಲೆ ಎಷ್ಟು ಅಂತ ನಮ್ಮ ಮಕ್ಕಳಿಗೆ ಅವತ್ತು ಗೊತ್ತಾಯಿತು.

‘ಐದು ದಿನ ಆಡಿ ಡ್ರಾ ಆದರೆ ಎಂತ ಪ್ರಯೋಜನ’ ಅಂತಲೂ ಕೇಳಿದ್ದೀರಿ. 2021ರ ಜನವರಿ 11, ಸಿಡ್ನಿ. ಭಾರತಕ್ಕೆ 407 ಬೇಕಿತ್ತು. ಪಂತ್ 97 ಹೊಡೆದು ಔಟ್, 205 ಬಾಲ್ ಆಡಿದ ಪೂಜಾರ 77ಕ್ಕೆ ಔಟ್. ಉಳಿದವರು ತೊಡೆಯ ಸ್ನಾಯು ಹಿಡಿದುಕೊಂಡು ಓಡಲಾಗದ ವಿಹಾರಿ, ಬೆನ್ನು ನೋವಿನ ಅಶ್ವಿನ್. ಅವತ್ತು ಬೆಳಿಗ್ಗೆ ಬೂಟಿನ ಲೇಸು ಕಟ್ಟಲೂ ಅಶ್ವಿನ್‌ಗೆ ಬಗ್ಗಲಾಗುತ್ತಿರಲಿಲ್ಲ ಅಂತ ಅವರ ಹೆಂಡತಿ ಆಮೇಲೆ ಬರೆದರು. ವಿಹಾರಿ 161 ಬಾಲಿಗೆ 23, ಅಶ್ವಿನ್ 128 ಬಾಲಿಗೆ 39, ಇಬ್ಬರೂ ಔಟಾಗಲಿಲ್ಲ. ಪಂದ್ಯ ಡ್ರಾ. ಅಲ್ಲಿ ಉಳಿದುಕೊಂಡದ್ದರಿಂದಲೇ ಮುಂದಿನ ವಾರ ಬ್ರಿಸ್ಬೇನ್‌ನಲ್ಲಿ 328 ರನ್ನಿನ ಗುರಿ ಮುಟ್ಟಿ ಸರಣಿ ಗೆದ್ದದ್ದು. 1988ರ ನಂತರ ಆಸ್ಟ್ರೇಲಿಯಾ ಆ ಮೈದಾನದಲ್ಲಿ ಸೋತೇ ಇರಲಿಲ್ಲ. ಗೆದ್ದ ಪಂದ್ಯಕ್ಕಿಂತ ಡ್ರಾ ಮಾಡಿಕೊಂಡ ಆ ಪಂದ್ಯವೇ ನನಗೆ ಹೆಚ್ಚು. ವಿಹಾರಿ ಇದಾದ ಮೇಲೆ ಜಾಸ್ತಿ ಟೆಸ್ಟ್ ಆಡಲಿಲ್ಲ, ಆದರೆ ನಮ್ಮ ಮನೆಯಲ್ಲಿ ಅವರ ಹೆಸರು ಈಗಲೂ ಬರುತ್ತದೆ.

ನೀವು ಆಫೀಸಿಗೆ ಹೋಗುವವರಾದರೆ ಇಂಗ್ಲೆಂಡಿನಲ್ಲಿ ನಡೆಯುವ ಸರಣಿಯಿಂದ ಶುರು ಮಾಡಿ. ಸಂಜೆ ಮನೆಗೆ ಬಂದರೆ ಕೊನೆಯ ಸೆಷನ್, ಅಂದರೆ ಟೀ ಬ್ರೇಕ್ ನಂತರದ ಆಟ, ಪೂರ್ತಿ ಸಿಗುತ್ತದೆ. ಹೈಲೈಟ್ಸ್ ಬೇಡ, ಅದರಲ್ಲಿ ಬಿಟ್ಟ ಬಾಲ್ ಇರುವುದಿಲ್ಲ. ಎರಡೂ ತಂಡದಿಂದ ಒಬ್ಬೊಬ್ಬ ಬೌಲರನ್ನು ಆರಿಸಿಕೊಂಡು ಅವರು ಯಾವಾಗ ಬರುತ್ತಾರೆ, ಯಾರಿಗೆ ಹೇಗೆ ಹಾಕುತ್ತಾರೆ ಅಂತ ಗಮನಿಸಿ. ಒಂದು ಪಂದ್ಯಕ್ಕೆ ನಿಲ್ಲಿಸಬೇಡಿ, ಒಂದು ಸರಣಿ ಪೂರ್ತಿ ನೋಡಿ. ಮತ್ತೆ, ಸ್ಕೋರ್ ಕೇಳುವ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಮಂಗಳೂರಿನಲ್ಲಿರುವ ನನ್ನ ಭಾವ ಪ್ರತಿ ಲಂಚ್ ಬ್ರೇಕಿಗೂ ಫೋನ್ ಮಾಡುತ್ತಾರೆ. ಮನೆ ಸುದ್ದಿ ಆಮೇಲೆ, ಮೊದಲು ಪಿಚ್ ಹೇಗುಂಟು ಅಂತಲೇ ಕೇಳುವುದು.